ಹಳೆಯ ಕುರ್ಚಿಗಳ ಜೀರ್ಣೋದ್ಧಾರ

ಹಳೆಯ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಲು ಹೊರಟವರಲ್ಲಿ ಎರಡು ಬಗೆಯುಂಟು. ಬಿದ್ದ ಕಲ್ಲನ್ನು ಹುಡುಕಿ ತಂದು, ಅದು ಮೊದಲು ಇದ್ದ ಜಾಗ ಯಾವುದೆಂದು ವಿಚಾರಿಸಿ, ಅಲ್ಲಿಯೇ ಇಡುವವರು ಒಂದು ಬಗೆ. ಕಂಬಗಳಿಗೆಲ್ಲ ಎಣ್ಣೆಬಣ್ಣ ಬಳಿದು, ನೆಲಕ್ಕೆ ಹೊಳೆಯುವ ಹಾಸುಕಲ್ಲು ಹಾಕಿಸಿ, ದಾನಿಗಳ ಹೆಸರನ್ನು ಗೋಡೆಯಲ್ಲಿ ಕೆತ್ತಿಸುವವರು ಇನ್ನೊಂದು ಬಗೆ. ಎರಡಕ್ಕೂ ನಾವು ಒಂದೇ ಹೆಸರನ್ನು ಕೊಟ್ಟಿದ್ದೇವೆ. ಇಟಲಿಯ ದೊಡ್ಡ ಪೀಠೋಪಕರಣ ತಯಾರಕರು ಈಚಿನ ಹದಿನೈದು ವರ್ಷಗಳಲ್ಲಿ ಮಾಡುತ್ತ ಬಂದಿರುವ ಕೆಲಸವನ್ನು ನೋಡಿದರೆ ಈ ಹೆಸರಿನ ಗೊಂದಲ ನೆನಪಿಗೆ ಬರುತ್ತದೆ. ಮಿಲಾನ್ ನಗರದಲ್ಲಿ 1961ರಿಂದ ನಡೆದುಬಂದಿರುವ ಪೀಠೋಪಕರಣಗಳ ಮೇಳಕ್ಕೆ ಹೊಸ ಸೋಫಾ, ಹೊಸ ಬೀರು, ಹೊಸ ಮೇಜುಗಳೇನೋ ಬರುತ್ತವೆ. ಆದರೆ ಅವುಗಳ ಮಗ್ಗುಲಲ್ಲಿ 1950ರ, 60ರ, 70ರ ದಶಕದ ವಿನ್ಯಾಸಗಳು ಹೊಸ ಬಟ್ಟೆ ತೊಟ್ಟು ನಿಂತಿರುತ್ತವೆ. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಆ ಮುದುಕರ ಕಡೆಗೇ.

ಕುರ್ಚಿ ಮೇಜುಗಳಿಗೂ ವಿಮರ್ಶೆಯೇ ಎಂದು ವಾಚಕರು ಕೇಳಬಹುದು. ಏಕಾಗಬಾರದು? ಓಲೆಗರಿಯಲ್ಲಿದ್ದ ಕಾವ್ಯವನ್ನು ಅಚ್ಚಿಗೆ ತರುವ ಸಂಪಾದಕನನ್ನು ನಾವು ಕೆಲವು ಪ್ರಶ್ನೆ ಕೇಳುತ್ತೇವೆ. ಮೂಲ ಪ್ರತಿ ಯಾವುದು? ಪಾಠವನ್ನು ಎಲ್ಲಿ ತಿದ್ದಿದಿರಿ? ತಿದ್ದಿದ್ದಕ್ಕೆ ಕಾರಣವೇನು? ಗರಿ ಮುರಿದು ಅಕ್ಷರ ಹೋದ ಕಡೆ ಏನನ್ನು ತುಂಬಿದಿರಿ? ಹಳೆಯ ಕುರ್ಚಿಯನ್ನು ಮತ್ತೆ ತಯಾರಿಸುವವರಿಗೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಅದರ ಮೇಲೆ ಇನ್ನೊಂದು ಪ್ರಶ್ನೆಯೂ ಇದೆ. ಕಾವ್ಯದ ಅಗ್ಗದ ಮುದ್ರಣವನ್ನು ಬಡವನೂ ಕೊಂಡು ಓದಬಹುದು. ಈ ಕುರ್ಚಿ ಯಾರ ಮನೆಗೆ ಹೋಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಚರ್ಚಿಸುವುದು ಅಂಗಡಿಯವರ ಕ್ರಮ. ನಮಗೆ ಅದು ಸಾಲದು.

ಮಾತನ್ನು ಜಿಯೊ ಪೊಂಟಿಯವರಿಂದ ಆರಂಭಿಸುವುದು ಉಚಿತ. 1891ರಲ್ಲಿ ಮಿಲಾನಿನಲ್ಲಿ ಹುಟ್ಟಿ 1979ರಲ್ಲಿ ಅಲ್ಲಿಯೇ ತೀರಿಕೊಂಡ ಈ ವಾಸ್ತುಶಿಲ್ಪಿ ಆ ನಗರದ ಪಿರೆಲ್ಲಿ ಗೋಪುರವನ್ನು ಕಟ್ಟಿದವರು. 1928ರಲ್ಲಿ 'ದೋಮುಸ್' ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿ, ನಡುವೆ ಕೆಲವು ವರ್ಷ ಬಿಟ್ಟು, ಕೊನೆಯವರೆಗೂ ಅದನ್ನು ನಡೆಸಿದವರು. ಅವರ ಹೆಸರಿನೊಡನೆ ಸೇರಿಹೋಗಿರುವ ಕುರ್ಚಿ 1957ರ 'ಸೂಪರ್ಲೆಜೇರ'. 'ಅತಿ ಹಗುರ' ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ಅದರ ತೂಕ ಕೇವಲ 1.7 ಕಿಲೊಗ್ರಾಂ. ಆಶ್ ಮರದ ಚೌಕಟ್ಟು, ಬೆತ್ತದಿಂದ ಹೆಣೆದ ಪೀಠ, ಮುಕ್ಕೋನಾಕಾರದ ಕಾಲುಗಳು. ಕಾಲಿನ ದಪ್ಪ 18 ಮಿಲಿಮೀಟರ್, ಅಂದರೆ ನಮ್ಮ ಹೆಬ್ಬೆರಳಿಗಿಂತಲೂ ಸಣ್ಣದು. ಮೇದಾ ಎಂಬ ಊರಿನ ಕಸ್ಸೀನ ಸಂಸ್ಥೆ ಅದನ್ನು ತಯಾರಿಸಿತು. ಚಿಕ್ಕ ಹುಡುಗನೊಬ್ಬ ಒಂದೇ ಬೆರಳಿನಲ್ಲಿ ಕುರ್ಚಿಯನ್ನು ಎತ್ತಿ ಹಿಡಿದಿರುವ ಅದರ ಜಾಹೀರಾತಿನ ಚಿತ್ರ ಪ್ರಸಿದ್ಧವಾಗಿದೆ. ಪರೀಕ್ಷೆಗೆಂದು ಅದನ್ನು ಮಹಡಿಯ ಮೇಲಿಂದ ಕೆಳಗೆ ಎಸೆದರೆಂದೂ ಅದು ಚೆಂಡಿನಂತೆ ಪುಟಿಯಿತೇ ಹೊರತು ಮುರಿಯಲಿಲ್ಲವೆಂದೂ ಹೇಳುವುದುಂಟು.

ಗಮನಿಸಬೇಕಾದ ಸಂಗತಿಯೆಂದರೆ, ಈ ಕುರ್ಚಿ ತಾನೇ ಒಂದು ಜೀರ್ಣೋದ್ಧಾರದ ಫಲ. ಇಟಲಿಯ ಲಿಗೂರಿಯ ಕರಾವಳಿಯಲ್ಲಿ ಕಿಯಾವರಿ ಎಂಬ ಪಟ್ಟಣವಿದೆ. 1807ರಲ್ಲಿ ಅಲ್ಲಿಯ ಶ್ರೀಮಂತನೊಬ್ಬ ಪ್ಯಾರಿಸಿನಿಂದ ಬಂದ ಕುರ್ಚಿಗಳನ್ನು ಊರಿನ ಬಡಗಿ ಜುಸೆಪ್ಪೆ ಗಯೆಟಾನೊ ದೆಸ್ಕಾಲ್ಸಿಗೆ ತೋರಿಸಿ, ಇದೇ ಮಾದರಿಯಲ್ಲಿ ಮಾಡಿಕೊಡೆಂದು ಕೇಳಿದ. ದೆಸ್ಕಾಲ್ಸಿ ಅಲಂಕಾರವನ್ನೆಲ್ಲ ಇಳಿಸಿ, ಕಡ್ಡಿಯಂಥ ಕಾಲುಗಳ ಹಗುರವಾದ ಕುರ್ಚಿಯೊಂದನ್ನು ಮಾಡಿದ. ಅದು ಯುರೋಪಿನಲ್ಲೆಲ್ಲ ಹೆಸರಾಯಿತು. ಇಂದು ನಮ್ಮ ನಗರಗಳ ಆರತಕ್ಷತೆಯ ಮಂಟಪಗಳಲ್ಲಿ ಬಂಗಾರದ ಬಣ್ಣ ಬಳಿದು ಸಾಲಾಗಿ ಇಡುವ ಕಡ್ಡಿಬೆನ್ನಿನ ಕುರ್ಚಿಗಳು ಈ ವಂಶದ ದೂರದ ಮೊಮ್ಮಕ್ಕಳು. ವಂಶದ ಹಗುರತನವಾಗಲಿ ಮರವಾಗಲಿ ಅವುಗಳಲ್ಲಿ ಉಳಿದಿಲ್ಲ. ಬೆನ್ನಿನ ಕಡ್ಡಿಗಳು ಮಾತ್ರ ಉಳಿದಿವೆ.

ಪೊಂಟಿ ಮಾಡಿದ್ದೇನು? ಕಿಯಾವರಿಯ ಕುರ್ಚಿಯನ್ನು ಅವರು ನಕಲು ಮಾಡಲಿಲ್ಲ. ಅದು ಬಿಡಿಸಿದ್ದ ಒಗಟನ್ನು, ಅಂದರೆ ಎಷ್ಟು ಕಡಿಮೆ ಮರದಲ್ಲಿ ಎಷ್ಟು ಗಟ್ಟಿಯಾದ ಕುರ್ಚಿ ಸಾಧ್ಯ ಎಂಬುದನ್ನು, ಮತ್ತೆ ಕೈಗೆತ್ತಿಕೊಂಡರು. 1952ರಲ್ಲಿ 'ಲೆಜೇರ' ಎಂಬ ಹಗುರ ಕುರ್ಚಿ ಬಂತು. ಅದರಿಂದಲೂ ತೃಪ್ತರಾಗದೆ, ಇನ್ನೂ ಮರವನ್ನು ತೆಗೆಯುತ್ತ ತೆಗೆಯುತ್ತ ಐದು ವರ್ಷಗಳ ಮೇಲೆ ಸೂಪರ್ಲೆಜೇರವನ್ನು ಮುಟ್ಟಿದರು. ವಿಶೇಷಣಗಳಿಲ್ಲದ ಕುರ್ಚಿಯೊಂದು ತಮಗೆ ಬೇಕು ಎಂಬುದು ಅವರ ಮಾತಿನ ಧೋರಣೆ. ನಾಮಪದವೊಂದೇ ಸಾಕು ಎನ್ನುವ ಕವಿಯ ಹಟ ಇದು. ಹಳೆಯದನ್ನು ಉದ್ಧರಿಸುವ ಉತ್ತಮ ಕ್ರಮ ಯಾವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅಂದಹಾಗೆ, ಪೀಠಕ್ಕೆ ಹೆಣೆದ ಬೆತ್ತಕ್ಕೆ ಇಟಲಿಯ ಭಾಷೆಯಲ್ಲಿರುವ ಹೆಸರು 'ಕನ್ನ ದಿಂದಿಯ', ಎಂದರೆ ಇಂಡಿಯಾದ ಜೊಂಡು. ಬೆತ್ತದ ಕುರ್ಚಿಯ ತಂಪನ್ನು ಬಲ್ಲ ನಮಗೆ ಈ ಹೆಸರು ಸಂತೋಷ ತರಬೇಕಾದದ್ದೇ.

ಇನ್ನು ಈಚಿನ ಪುನರ್ನಿರ್ಮಾಣಗಳನ್ನು ನೋಡೋಣ. ಜ್ಯೂಸ್ಸಾನೊ ಎಂಬ ಊರಿನಲ್ಲಿ 1934ರಲ್ಲಿ ಸ್ಥಾಪಿತವಾದ ಮೊಲ್ಟೇನಿ ಸಂಸ್ಥೆ 2012ರಲ್ಲಿ ಪೊಂಟಿಯವರ ವಾರಸುದಾರರ ಒಪ್ಪಿಗೆ ಪಡೆದು ಅವರ ಹಲವು ಉಪಕರಣಗಳನ್ನು ಹೊರತಂದಿತು. ಇವುಗಳಲ್ಲಿ ಮುಖ್ಯವಾದ ಕೆಲವು, ಪೊಂಟಿ 1957ರಿಂದ ಕೊನೆಯವರೆಗೆ ವಾಸವಾಗಿದ್ದ ವಿಯಾ ದೆಝಾ ಬೀದಿಯ ಮನೆಗೆಂದು ರಚಿತವಾದವು. ಹಿತ್ತಾಳೆಯ ಚೌಕಟ್ಟಿನ ಕೈಕುರ್ಚಿ, ಗೋಡೆಗೆ ಹೊಂದಿಸುವ ಪುಸ್ತಕದ ಕಪಾಟು ಇಂಥವು. ವೆನಿಜುವೆಲದ ಕರಾಕಸ್ ನಗರದಲ್ಲಿ ಅವರು ಕಟ್ಟಿದ ಪ್ಲಾಂಚಾರ್ಟ್ ದಂಪತಿಗಳ ಮನೆಗೆ ರಚಿಸಿದ ಇನ್ನೊಂದು ಕೈಕುರ್ಚಿಯೂ ಈ ಗುಂಪಿನಲ್ಲಿದೆ. ಹೆಸರುಗಳ ಬದಲು ಇವಕ್ಕೆಲ್ಲ ಡಿ.153.1, ಡಿ.154.2 ಎಂಬಂಥ ಅಂಕಿಗಳು. ಹಳೆಯ ಕಚೇರಿಯ ಕಡತ ಬಿಚ್ಚಿದಂತೆ ಇದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ವಸ್ತುಗಳಲ್ಲಿ ಬಹುಪಾಲು ಅಂಗಡಿಯ ಮುಖವನ್ನೇ ಕಂಡಿರಲಿಲ್ಲ. ಒಬ್ಬನ ಮನೆಗೆ, ಒಂದು ಗೋಡೆಗೆ, ಒಂದು ಮೂಲೆಗೆ ಎಂದು ಮಾಡಿದವು. ಸತ್ತದ್ದು ಮತ್ತೆ ಹುಟ್ಟಿತೆನ್ನಲು ಮೊದಲು ಹುಟ್ಟಿರಬೇಕಲ್ಲ! ಆದ್ದರಿಂದ ಇವನ್ನು ಪುನರ್ಮುದ್ರಣ ಎನ್ನುವುದಕ್ಕಿಂತ ಅಪ್ರಕಟಿತ ಹಸ್ತಪ್ರತಿಯ ಮೊದಲ ಪ್ರಕಟಣೆ ಎನ್ನುವುದು ಹೆಚ್ಚು ಸರಿ. ಲೇಖಕ ತನ್ನ ದಿನಚರಿಯಲ್ಲಿ ಬರೆದುಕೊಂಡದ್ದನ್ನು ಅಚ್ಚು ಹಾಕಿದರೆ ಒಂದು ಲಾಭವೂ ಒಂದು ನಷ್ಟವೂ ಇರುತ್ತವೆ. ವಿಯಾ ದೆಝಾದ ಮನೆಯಲ್ಲಿ ಕೋಣೆಗಳ ನಡುವೆ ಮಡಿಸುವ ತೆರೆಗಳಿದ್ದವು; ಅವನ್ನು ಸರಿಸಿದರೆ ಮನೆಯೆಲ್ಲ ಒಂದೇ ಹಜಾರವಾಗುತ್ತಿತ್ತು. ಕಿಟಕಿಯ ಗಾಜಿನ ಮುಂದೆಯೇ ತಟ್ಟೆಗಳನ್ನು ಜೋಡಿಸಿ ಪುಸ್ತಕ, ಪಾತ್ರೆಗಳನ್ನಿಟ್ಟು, ಊರಿನ ನೋಟದೊಡನೆ ಮನೆಯ ಸಾಮಾನನ್ನೂ ಸೇರಿಸುವುದು ಪೊಂಟಿಯವರಿಗೆ ಪ್ರಿಯವಾದ ಕಲ್ಪನೆ. ಆ ಮನೆಯೊಳಗೆ ಕೈಕುರ್ಚಿ ಒಂದು ವಾಕ್ಯದ ನಡುವಿನ ಪದ. ಪ್ರದರ್ಶನದ ದೀಪದ ಕೆಳಗೆ ಒಂಟಿಯಾಗಿ ನಿಂತಾಗ ಅದು ನಿಘಂಟಿನ ಪದವಾಗುತ್ತದೆ. ಅರ್ಥ ಇದ್ದೇ ಇದೆ, ಅನ್ವಯ ತಪ್ಪಿದೆ.

ಈ ಪರೀಕ್ಷೆಯಲ್ಲಿ ಎಲ್ಲ ವಸ್ತುಗಳೂ ಒಂದೇ ಸಮವಾಗಿ ಸೋಲುವುದಿಲ್ಲ ಎಂಬುದನ್ನೂ ಹೇಳಬೇಕು. ಪುಸ್ತಕದ ಕಪಾಟು ಚೆನ್ನಾಗಿಯೇ ಉಳಿದುಕೊಂಡಿದೆ. ಅದು ಗೋಡೆಯನ್ನು ಮುಚ್ಚದೆ ಬರೆಯುತ್ತದೆ. ಪುಸ್ತಕವಿರುವ ಯಾವ ಮನೆಯಲ್ಲಾದರೂ ಅದಕ್ಕೆ ಕೆಲಸವಿದೆ. ಹಿತ್ತಾಳೆಯ ಕೈಕುರ್ಚಿಯ ವಿಷಯದಲ್ಲಿ ನಮ್ಮ ಮನಸ್ಸು ಅಷ್ಟು ಒಪ್ಪುವುದಿಲ್ಲ. ಅದರ ಬೆಡಗು ಒಡೆಯನ ಲಹರಿಗೆ ಸೇರಿದ್ದು. ತನ್ನ ಮನೆಯಲ್ಲಿ ತಾನು ಮಾಡಿದ ತಮಾಷೆಗೆ ಮನೆಯವರು ನಗುತ್ತಾರೆ. ಅದನ್ನೇ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರೆ ನಗು ಬರಬೇಕೆಂಬ ನಿಯಮವಿಲ್ಲ.

ಎರಡನೆಯ ಬಗೆಯವು ಒಂದು ಕಾಲಕ್ಕೆ ತಯಾರಾಗಿ, ಮಾರಾಟವಾಗಿ, ನಿಂತುಹೋಗಿ, ಈಗ ಮರಳಿದವು. ಅಫ್ರಾ ಮತ್ತು ತೋಬಿಯಾ ಸ್ಕಾರ್ಪ ದಂಪತಿಗಳು ಕಸ್ಸೀನ ಸಂಸ್ಥೆಗೆ 1969ರಲ್ಲಿ ರಚಿಸಿದ 'ಸೊರಿಯಾನ' ಇವುಗಳಲ್ಲಿ ಒಂದು. ಮರುವರ್ಷವೇ ಅದಕ್ಕೆ ಇಟಲಿಯ ದೊಡ್ಡ ವಿನ್ಯಾಸ ಪ್ರಶಸ್ತಿ 'ಕಂಪಾಸ್ಸೊ ದೋರೊ' ದೊರೆಯಿತು. ದೊಡ್ಡ ಮೆತ್ತೆಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಮೂಟೆಗೆ ಹಗ್ಗ ಬಿಗಿದಂತೆ ಹೊಳೆಯುವ ಲೋಹದ ಪಟ್ಟಿಯೊಂದರಿಂದ ಹಿಡಿದು ನಿಲ್ಲಿಸಿದರೆ ಆಗುವ ಆಸನ ಅದು. ಬಟ್ಟೆಯ ನೆರಿಗೆಗಳನ್ನು ಮುಚ್ಚಿಡಬೇಕೆಂಬ ಹಳೆಯ ಶಿಸ್ತನ್ನು ಅವರು ಮುರಿದರು. ನೆರಿಗೆಯೇ ಅದರ ಅಂದವಾಯಿತು. 2021ರಲ್ಲಿ ಅದು ಮರಳಿ ಬಂದಾಗ ರೂಪ ಹಾಗೆಯೇ ಇದ್ದು, ಒಳಗಿನ ತುಂಬುಗೆ ಬದಲಾಯಿತು. ಮರುಬಳಕೆಯ ಪ್ಲಾಸ್ಟಿಕಿನಿಂದ ತೆಗೆದ ನಾರು ಅದರೊಳಗೆ ಸೇರಿತು. ಮಾರಿಯೊ ಬೆಲ್ಲೀನಿಯವರು 1970ರಲ್ಲಿ ರಚಿಸಿದ 'ಕಮಲೆಯೋಂದ' ಎಂಬ ಸೋಫಾ ಕೂಡ ಐವತ್ತು ತುಂಬಿದ 2020ರಲ್ಲಿ ಬಿ ಅಂಡ್ ಬಿ ಇಟಾಲಿಯ ಸಂಸ್ಥೆಯಿಂದ ಮರಳಿತು. ಬೆನ್ನು, ತೋಳು, ಪೀಠಗಳನ್ನು ಬಿಡಿಸಿ, ಕೊಕ್ಕೆ ಮತ್ತು ಉಂಗುರಗಳಿಂದ ಬೇಕಾದಂತೆ ಕೂಡಿಸಬಹುದಾದ ಆಸನವಿದು. ಗೋಸುಂಬೆ ಮತ್ತು ಅಲೆ ಎಂಬ ಎರಡು ಪದಗಳನ್ನು ಬೆಸೆದು ಹೆಸರನ್ನು ಕಟ್ಟಿದ್ದಾರೆ. ಹೊಸ ಆವೃತ್ತಿಯ ಭಾಗಗಳನ್ನು ಬಾಳಿಕೆ ಮುಗಿದ ಮೇಲೆ ಬೇರೆ ಬೇರೆ ಮಾಡಿ ಮರುಬಳಕೆಗೆ ಕಳುಹಿಸಬಹುದಾದಂತೆ ಒಳಗಿನ ರಚನೆಯನ್ನು ತಿದ್ದಲಾಗಿದೆ.

ಇವೆರಡನ್ನೂ ನಾವು ಮೆಚ್ಚುತ್ತೇವೆ. ತಿದ್ದುಪಡಿ ಎಲ್ಲಿ ಆಗಬೇಕೋ ಅಲ್ಲಿ ಆಗಿದೆ. 1970ರಲ್ಲಿ ಫೋಮ್ ಒಂದು ಹೊಸ ಪವಾಡವಾಗಿತ್ತು. ಅದರ ಕಸ ಎಲ್ಲಿಗೆ ಹೋಗುತ್ತದೆಂದು ಆಗ ಬಹಳ ಮಂದಿ ಕೇಳಲಿಲ್ಲ. ಅಂದಿನವರು ಕೇಳದ ಪ್ರಶ್ನೆಯನ್ನು ಇಂದು ಕೇಳಿ ಉತ್ತರ ತುಂಬುವುದು ಸಂಪಾದಕನ ಧರ್ಮಕ್ಕೆ ಹೊರಗಿನದೇನಲ್ಲ. ಬಿಡಿಸಿ ಕೂಡಿಸುವುದೇ ಕಮಲೆಯೋಂದದ ಮೂಲಗುಣವಾದ್ದರಿಂದ, ಕೊನೆಗಾಲದಲ್ಲಿಯೂ ಅದು ಬಿಡಿಸಿಕೊಳ್ಳುವಂತೆ ಮಾಡಿದ್ದು ಮೂಲದ ಮಾತನ್ನೇ ಮುಂದುವರಿಸಿದಂತೆ ಆಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಗಯೆಟಾನೊ ಪೇಶೆಯವರು 1969ರಲ್ಲಿ ರಚಿಸಿದ 'ಅಪ್' ಎಂಬ ಆಸನಗಳ ಕಥೆ ವಿಚಿತ್ರವಾದದ್ದು. ಗಾಳಿಯನ್ನೆಲ್ಲ ಹೀರಿ ಹಪ್ಪಳದಂತೆ ಚಪ್ಪಟೆ ಮಾಡಿದ ಪೊಟ್ಟಣದಲ್ಲಿ ಅವು ಮನೆಗೆ ಬರುತ್ತಿದ್ದವು. ಹೊದಿಕೆಯನ್ನು ಬಿಚ್ಚಿದೊಡನೆ, ಎಣ್ಣೆಗೆ ಬಿದ್ದ ಹಪ್ಪಳದಂತೆಯೇ, ತಾವಾಗಿ ಉಬ್ಬಿ ಕುರ್ಚಿಯಾಗುತ್ತಿದ್ದವು. ಅವುಗಳಲ್ಲಿ ಪ್ರಸಿದ್ಧವಾದದ್ದು ಹೆಣ್ಣಿನ ಮೈಯನ್ನು ಹೋಲುವ ದೊಡ್ಡ ಆಸನ. ಅದಕ್ಕೆ ಸರಪಳಿಯ ಗುಂಡಿನಂತೆ ಒಂದು ಚೆಂಡನ್ನು ಕಟ್ಟಿತ್ತು. ಗಂಡಸರ ಲೋಕದಲ್ಲಿ ಹೆಣ್ಣು ಬಂದಿಯಾಗಿದ್ದಾಳೆ ಎಂಬುದು ಪೇಶೆಯವರ ಇಂಗಿತ. ಉಬ್ಬಿಸುವ ಕೆಲಸಕ್ಕೆ ಆಧಾರವಾಗಿದ್ದ ಫ್ರಿಯಾನ್ ಅನಿಲ ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ಅನಂತರ ಅದರ ಕುಟುಂಬದ ಅನಿಲಗಳನ್ನು ಜಗತ್ತು ಕೈಬಿಟ್ಟಿತು. 2000ದಲ್ಲಿ ಆಸನ ಮರಳಿತು. ಆದರೆ ಅಚ್ಚಿನಲ್ಲಿ ಎರಕವಾಗಿ, ಉಬ್ಬಿದ ಸ್ಥಿತಿಯಲ್ಲಿಯೇ ಮನೆಗೆ ಬಂತು. ಹೀಗಾಗಬೇಕಾದದ್ದು ಅನಿವಾರ್ಯ, ಯಾರ ತಪ್ಪೂ ಇಲ್ಲ. ಆದರೂ ಕೃತಿಯ ಅರ್ಧ ಹೋಯಿತು. ತಾನಾಗಿ ಎದ್ದು ನಿಲ್ಲುವ ಹೆಣ್ಣು, ಎದ್ದ ಮೇಲೆ ಕಾಲಿಗೆ ಕಟ್ಟಿದ ಗುಂಡು: ಈ ಎರಡು ಅಂಕಗಳ ನಾಟಕದಲ್ಲಿ ಮೊದಲಿನ ಅಂಕ ಕಾಣೆಯಾಗಿ, ಎರಡನೆಯದನ್ನು ಮಾತ್ರ ನಾವು ನೋಡುತ್ತಿದ್ದೇವೆ.

ಮೂರನೆಯ ಬಗೆಯದು ನಮ್ಮ ಮನೆಬಾಗಿಲಿಗೆ ಬರುವ ವಿಷಯ. 1951ರಲ್ಲಿ ಚಂಡೀಗಢದ ಕೆಲಸ ಆರಂಭವಾದಾಗ ಲ ಕಾರ್ಬೂಸಿಯೆಯವರ ದಾಯಾದಿ ಪಿಯರ್ ಜನ್ನರೆ ಅಲ್ಲಿಯೇ ನೆಲಸಿ 1965ರವರೆಗೆ ದುಡಿದರು. ಹೊಸ ನಗರದ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾನಿಲಯಗಳಿಗೆ ಸಾವಿರಗಟ್ಟಲೆ ಕುರ್ಚಿ ಮೇಜುಗಳು ಬೇಕಾಗಿದ್ದವು. ತೇಗದ ಮರ, ಬೆತ್ತದ ಹೆಣಿಗೆ, ಇಕ್ಕಳದಂತೆ ಕವಲೊಡೆದ ಕಾಲುಗಳು. ಸ್ಥಳೀಯ ಬಡಗಿಗಳ ಕೈಗೆ ಒಗ್ಗುವ ಸರಳ ರಚನೆ. ಈ ಕೆಲಸದಲ್ಲಿ ಊಲಿ ಚೌಧರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳ ಪಾಲೂ ಇತ್ತು. ಕಾಲಾಂತರದಲ್ಲಿ ಆ ಕುರ್ಚಿಗಳು ಮುರಿದವು, ಮೂಲೆಗೆ ಬಿದ್ದವು, ಸರಕಾರಿ ಹರಾಜಿನಲ್ಲಿ ಹಳೆಯ ಸಾಮಾನಿನ ಬೆಲೆಗೆ ಹೋದವು. ಕಣ್ಣುಳ್ಳ ವ್ಯಾಪಾರಿಗಳು ಅವನ್ನು ಕೊಂಡು, ದುರಸ್ತು ಮಾಡಿ, ಯುರೋಪು ಅಮೆರಿಕಗಳ ಹರಾಜು ಮಳಿಗೆಗಳಲ್ಲಿ ಭಾರಿ ಬೆಲೆಗೆ ಮಾರಿದರು. 2011ರಲ್ಲಿ ಕೇಂದ್ರ ಸರಕಾರ ಇಂಥ ವಸ್ತುಗಳ ಮಾರಾಟವನ್ನು ತಡೆಯಲು ಆಜ್ಞೆ ಹೊರಡಿಸಿತು. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದರೆಂದು ಜನ ಆಡಿಕೊಂಡರೆ ಆಶ್ಚರ್ಯವಿಲ್ಲ. ಆ ಕುರ್ಚಿಗಳು ಶ್ರೀಮಂತರ ಮನೆಗಳಿಂದ ಹರಾಜಿಗೆ, ಹರಾಜಿನಿಂದ ಚಂಡೀಗಢಕ್ಕೆ ಹಿಂದು ಮುಂದಾಗಿ ನಡೆದು ಹೋಗುವುದನ್ನು ಏಮಿ ಸೀಗಲ್ ಎಂಬ ಕಲಾವಿದೆ 2013ರ 'ಪ್ರಾವನಾನ್ಸ್' ಎಂಬ ಚಿತ್ರದಲ್ಲಿ ತೋರಿಸಿದ್ದಾರೆ.

2019ರಲ್ಲಿ ಕಸ್ಸೀನ ಸಂಸ್ಥೆ ಈ ಕುರ್ಚಿಗಳಿಂದ ಪ್ರೇರಿತವಾದ ಮಾಲೆಯೊಂದನ್ನು 'ಪಿಯರ್ ಜನ್ನರೆಗೆ ಗೌರವ' ಎಂಬ ಅರ್ಥದ ಫ್ರೆಂಚ್ ಹೆಸರಿನಲ್ಲಿ ಹೊರತಂದಿತು. 1965ರಿಂದ ಲ ಕಾರ್ಬೂಸಿಯೆ, ಜನ್ನರೆ, ಶಾರ್ಲೊಟ್ ಪೆರಿಯಾಂದ್ ಮೂವರ ಉಕ್ಕಿನ ಕೊಳವೆಯ ಆಸನಗಳನ್ನು ತಯಾರಿಸುತ್ತ ಬಂದಿರುವ ಸಂಸ್ಥೆಗೆ ಇದು ಸಹಜವಾದ ಹೆಜ್ಜೆಯೇ. ಬಡಗಿತನದಲ್ಲಿ ಕೊರತೆ ಹುಡುಕುವುದು ಕಷ್ಟ. ನಮ್ಮ ಆಕ್ಷೇಪಣೆ ಬೇರೆ ಕಡೆಗಿದೆ. ಆ ಕುರ್ಚಿಯ ಗುಣ ಅದರ ಒರಟುತನದಲ್ಲಿತ್ತು. ಒಂದೊಂದು ಕಾರ್ಯಾಗಾರದಲ್ಲಿ ಒಂದೊಂದು ಬಗೆಯಾಗಿ, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿದ್ದು, ಗುಮಾಸ್ತೆಯ ಬೆನ್ನಿಗೆ ಸವೆದು, ಕಾಲಿನ ಮೇಲೆ ಇಲಾಖೆಯ ಅಂಕಿ ಬರೆಸಿಕೊಂಡು ಬಾಳಿದ ಕುರ್ಚಿ ಅದು. ಇಟಲಿಯ ಯಂತ್ರ ಅದಕ್ಕೆ ನುಣುಪನ್ನು ಕೊಟ್ಟಿದೆ. ನುಣುಪು ಅದಕ್ಕೆ ಬೇಕಾಗಿರಲಿಲ್ಲ. ಅಲ್ಲದೆ, ಹೆಸರಿನಲ್ಲಿ ಉಳಿದವನು ಒಬ್ಬನೇ. ಜೊತೆಗೆ ರೇಖೆ ಎಳೆದವರು, ಮರ ಕೊಯ್ದವರು, ಬೆತ್ತ ಹೆಣೆದವರು ಆ ಶೀರ್ಷಿಕೆಯಲ್ಲಿಲ್ಲ. ಕರ್ತೃ ಯಾರೆಂದು ತಿಳಿಯದ ಜನಪದ ಗೀತೆಗೆ ಸಂಗ್ರಾಹಕನ ಹೆಸರನ್ನು ಅಂಟಿಸಿದರೆ ನಮಗೆ ಮುಜುಗರವಾಗುವುದಿಲ್ಲವೆ? ಇದು ಅಷ್ಟು ದೊಡ್ಡ ಅನ್ಯಾಯವಲ್ಲದಿರಬಹುದು. ಆದರೂ ಗೌರವವೆಂಬ ಪದವನ್ನು ಬಳಸಿದವರು ಅದನ್ನು ಇನ್ನಷ್ಟು ಧಾರಾಳವಾಗಿ ಹಂಚಬಹುದಿತ್ತು.

ಈಗ ಹೊಸ ಮಾಲೆಗಳ ಮಾತು. ಮೊಲ್ಟೇನಿ ಸಂಸ್ಥೆಯ ಕಲಾನಿರ್ದೇಶಕರಾಗಿ 2016ರಲ್ಲಿ ಬಂದ ಬೆಲ್ಜಿಯಮಿನ ವಾಸ್ತುಶಿಲ್ಪಿ ವಿನ್ಸೆಂಟ್ ವಾನ್ ಡೌಸೆನ್ ಅವರ ಪ್ರಭಾವದಲ್ಲಿ ಅಲ್ಲಿಯ ಹೊಸ ವಸ್ತುಗಳಿಗೆ ಒಂದು ಸಮಾನವಾದ ಧ್ವನಿ ಬಂದಿದೆ. ತಗ್ಗಾದ, ಅಗಲವಾದ, ಮಾತು ಕಡಿಮೆಯಿರುವ ಸೋಫಾಗಳು; ಮಣ್ಣಿನ, ಮರಳಿನ, ಬೂದಿಯ ಬಣ್ಣಗಳು; ಹಿಡಿಯೇ ಕಾಣದ ಬೀರುಗಳು. ಎಲ್ಲವೂ ಸಭ್ಯ, ಎಲ್ಲವೂ ಸಂಯಮ. ಒಂದರ ಮೇಲೊಂದು ತಪ್ಪು ಹುಡುಕಿದರೂ ಸಿಕ್ಕುವುದಿಲ್ಲ. ತಪ್ಪೇ ಇಲ್ಲದ ಪದ್ಯವನ್ನು ಓದಿ ಮುಗಿಸಿದ ಮೇಲೆ ಒಂದು ಸಾಲೂ ನೆನಪಿನಲ್ಲಿ ಉಳಿಯದಿದ್ದರೆ ಹೇಗೋ ಹಾಗೆ. ಈ ಶಾಂತವಾದ ಹಜಾರದ ನಡುವೆ ಪೊಂಟಿಯ ಒಂದು ಕುರ್ಚಿಯನ್ನು ಇಟ್ಟ ಕೂಡಲೇ ಕೋಣೆಗೆ ಜೀವ ಬರುತ್ತದೆ. ತಯಾರಕರಿಗೂ ಇದು ತಿಳಿದಿರಬೇಕು. ಆದ್ದರಿಂದಲೇ ಹೊಸದರ ಚಿತ್ರದಲ್ಲಿ ಹಳೆಯದನ್ನು ಒಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಸಾಹಿತ್ಯದ ಭಾಷಣದಲ್ಲಿ ಪಂಪನ ಹೆಸರನ್ನು ಒಮ್ಮೆ ಎತ್ತಿದರೆ ಉಳಿದ ಮಾತಿಗೂ ಸ್ವಲ್ಪ ಬೆಳಕು ಬೀಳುತ್ತದಲ್ಲ, ಅದೇ ಉಪಾಯ.

ಹೊಸದರಲ್ಲಿ ಒಳ್ಳೆಯದೇ ಆಗುವುದಿಲ್ಲವೆಂದು ಹೇಳುವಷ್ಟು ನಾವು ಹಳಬರಲ್ಲ. ಇದೇ ಸಂಸ್ಥೆಯ ಬಳಗ 1994ರಲ್ಲಿ, ಪ್ಯಾರಿಸಿನ ಕಾರ್ತಿಯೆ ಪ್ರತಿಷ್ಠಾನದ ಗಾಜಿನ ಕಟ್ಟಡಕ್ಕೆಂದು ಜಾನ್ ನುವೆಲ್ ಅವರ 'ಲೆಸ್' ಎಂಬ ಮೇಜನ್ನು ಮಾಡಿತು. ಮೇಜಿನ ಹಲಗೆಯ ಅಂಚು ಕತ್ತಿಯ ಬಾಯಿಯಂತೆ ತೆಳ್ಳಗಿದೆ. ಭಾರ ಹೊರುವ ದಪ್ಪ ಹಲಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದಂತೆ, ನಡುವಿಗೆ ಸರಿದಿದೆ. ಬಾಗಿದ ಲೋಹದ ಹಾಳೆ ಎಷ್ಟು ಹೊರಬಲ್ಲದೆಂದು ಕೇಳಿ ಪಡೆದ ಉತ್ತರ ಅದು. ಪೊಂಟಿ ಮರವನ್ನು ಕೇಳಿದ ಪ್ರಶ್ನೆಯೇ ಇದು, ಲೋಹದಲ್ಲಿ. ಪೊಂಟಿಯವರ ನಿಜವಾದ ಜೀರ್ಣೋದ್ಧಾರ ಇಂಥ ಮೇಜಿನಲ್ಲಿ ಆಗಿದೆಯೇ, ಅವರದೇ ಹಿತ್ತಾಳೆಯ ಕುರ್ಚಿಯನ್ನು ಮತ್ತೆ ಮಾಡಿದ್ದರಲ್ಲಿ ಆಗಿದೆಯೇ ಎಂದು ಕೇಳಿದರೆ ನಮ್ಮ ಮತ ಮೊದಲಿನದರ ಕಡೆಗೆ ಬೀಳುತ್ತದೆ.

ಹಾಗಾದರೆ ತಯಾರಕರು ಹಳೆಯದರ ಕಡೆಗೆ ಇಷ್ಟು ವಾಲುವುದೇಕೆ? ಕಾರಣ ಗುಟ್ಟಿನದೇನಲ್ಲ. ಹೊಸ ವಿನ್ಯಾಸವೆಂದರೆ ಅಚ್ಚು, ಪ್ರಯೋಗ, ಪ್ರಚಾರ ಎಲ್ಲಕ್ಕೂ ಹಣ ಸುರಿದು, ಜನ ಒಪ್ಪುವರೋ ಇಲ್ಲವೋ ಎಂದು ಕಾಯಬೇಕು. ಹಳೆಯದು ತನ್ನ ಕೀರ್ತಿಯನ್ನು ತಾನೇ ಹೊತ್ತು ತರುತ್ತದೆ. ಕಾನೂನಿನ ಆಸರೆಯೂ ಇದೆ. ಕಸ್ತಿಲ್ಯೋನಿ ಸೋದರರ 1962ರ 'ಆರ್ಕೊ' ದೀಪದ ನಕಲಿನ ವಿಷಯವಾಗಿ ಫ್ಲೋಸ್ ಸಂಸ್ಥೆ ಹೂಡಿದ ವ್ಯಾಜ್ಯದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2011ರ ಜನವರಿಯಲ್ಲಿ ತೀರ್ಪು ಕೊಟ್ಟು, ವಿನ್ಯಾಸವಾಗಿ ನೋಂದಣಿಯಾಗದ ವಸ್ತುವಿಗೂ ಕಲಾಕೃತಿಯ ಅರ್ಹತೆಯಿದ್ದರೆ ಕೃತಿಸ್ವಾಮ್ಯ ದೊರೆಯಬಹುದೆಂದು ಹೇಳಿತು. ಕೃತಿಸ್ವಾಮ್ಯವೆಂದರೆ ಅಲ್ಲಿ ಕರ್ತೃವಿನ ಮರಣಾನಂತರ 70 ವರ್ಷ. ಪೊಂಟಿಯವರ ಕೃತಿಗಳಿಗೆ 2049ರ ಕೊನೆಯವರೆಗೆ. ಬ್ರಿಟನ್ನಿನಲ್ಲಿ ಕಾರ್ಖಾನೆಯಲ್ಲಿ ತಯಾರಾಗುವ ಇಂಥ ವಸ್ತುಗಳಿಗೆ ಇದ್ದ 25 ವರ್ಷಗಳ ಮಿತಿಯೂ 2016ರಲ್ಲಿ ರದ್ದಾಯಿತು. ನಮ್ಮ ದೇಶದಲ್ಲಿ ದಾರಿ ಬೇರೆ. ಸೂಪರ್ಲೆಜೇರ ಹುಟ್ಟಿದ ವರ್ಷವೇ, 1957ರಲ್ಲಿ, ಬಂದ ನಮ್ಮ ಕೃತಿಸ್ವಾಮ್ಯ ಕಾಯಿದೆಯ 15ನೆಯ ಪ್ರಕರಣದ ಪ್ರಕಾರ, ನೋಂದಣಿ ಮಾಡಿಸಬಹುದಾಗಿದ್ದೂ ಮಾಡಿಸದ ವಿನ್ಯಾಸವನ್ನು ಯಂತ್ರವಿಧಾನದಿಂದ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯುತ್ತದೆ.

ನಕಲು ಮಾಡುವವರ ಪಕ್ಷವನ್ನು ನಾವು ವಹಿಸುವುದಿಲ್ಲ. ಕೆಟ್ಟ ನಕಲು ರೂಪವನ್ನು ಕದಿಯುತ್ತದೆ, ಯೋಚನೆಯನ್ನು ಬಿಡುತ್ತದೆ. ಆರತಕ್ಷತೆಯ ಬಂಗಾರದ ಕುರ್ಚಿಯೇ ಸಾಕ್ಷಿ. ಆದರೆ ಅಧಿಕೃತ ತಯಾರಕರ ಮುಂದೆಯೂ ಒಂದು ಸಂಗತಿಯನ್ನು ಇಡಬೇಕಾಗಿದೆ. ಪೊಂಟಿಯವರು 1920ರ ದಶಕದ ಕೊನೆಯಲ್ಲಿಯೇ ಮಿಲಾನಿನ ರಿನಾಶೆಂತೆ ಎಂಬ ದೊಡ್ಡ ಅಂಗಡಿಗಾಗಿ, ಎಮಿಲಿಯೊ ಲಾಂಚಿಯ ಅವರೊಡನೆ ಸೇರಿ, 'ದೋಮುಸ್ ನೋವ' ಎಂಬ ಅಗ್ಗದ ಪೀಠೋಪಕರಣಗಳ ಮಾಲೆಯನ್ನು ರಚಿಸಿದವರು. ಮಧ್ಯಮ ವರ್ಗದ ಸಂಸಾರಕ್ಕೂ ಚೆಲುವಾದ ಮನೆ ಇರಬೇಕೆಂಬುದು ಅವರು ಪತ್ರಿಕೆಯ ಮೂಲಕವೂ ಹೇಳುತ್ತ ಬಂದ ಮಾತು. ಕಡಿಮೆ ಮರ, ಕಡಿಮೆ ತೂಕ ಎಂಬ ಹಟದ ಹಿಂದೆ ಎಲ್ಲರ ಮನೆಯಲ್ಲಿಯೂ ಸುಲಭವಾಗಿ ಎತ್ತಿಡಬಹುದಾದ ಕುರ್ಚಿಯ ಆಸೆಯಿತ್ತು. ಇಂದು ಆ ಕುರ್ಚಿಯನ್ನು ಬೆರಳಿನಲ್ಲಿ ಎತ್ತಬಹುದು. ಅದರ ಬೆಲೆಯನ್ನು ಎತ್ತುವುದು ಇಟಲಿಯ ಮೇಷ್ಟರ ಸಂಸಾರಕ್ಕೂ ಕಷ್ಟ. ಊಟದ ಮೇಜಿಗೆ ಆರು ಕುರ್ಚಿ ಬೇಕೆಂದರೆ ಮುಗಿಯಿತು. ರೂಪ, ಅಳತೆ, ಮರ, ಬೆತ್ತ ಎಲ್ಲವನ್ನೂ ನಿಷ್ಠೆಯಿಂದ ಉಳಿಸಿಕೊಂಡವರು ಆ ಆಸೆಯೊಂದನ್ನು ಕೈಬಿಟ್ಟಿದ್ದಾರೆ. ಪಾಠಶೋಧನೆಯ ಭಾಷೆಯಲ್ಲಿ ಹೇಳುವುದಾದರೆ, ಅಕ್ಷರವೆಲ್ಲ ಸರಿಯಾಗಿದೆ, ತಾತ್ಪರ್ಯ ತಪ್ಪಿದೆ.

ಕೈಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಬೆಲೆ ಏರದೆ ಇರುತ್ತದೆಯೆ ಎಂದು ಅವರು ಉತ್ತರ ಕೊಡಬಹುದು. ಆ ಉತ್ತರದಲ್ಲಿ ಹುರುಳಿದೆ. ಮಿಲಾನ್ ಮತ್ತು ಕೋಮೊ ಸರೋವರದ ನಡುವಣ ಬ್ರಿಯಾಂಜಾ ಸೀಮೆಯ ಮೇದಾ, ಜ್ಯೂಸ್ಸಾನೊ, ಕಂತೂ, ಲಿಸ್ಸೋನೆ ಊರುಗಳಲ್ಲಿ ತಲೆಮಾರುಗಳಿಂದ ಬಾಳಿಬಂದ ಬಡಗಿತನ ಇಂಥ ಬೇಡಿಕೆ ಇಲ್ಲದಿದ್ದರೆ ಬಡವಾಗುತ್ತದೆ. ಹಳೆಯ ವಿನ್ಯಾಸದ ಮರುತಯಾರಿ ಹಳೆಯ ಕೈಗಳನ್ನೂ ಉಳಿಸುತ್ತದೆ ಎಂಬುದನ್ನು ಅವರ ಲೆಕ್ಕದಲ್ಲಿ ಜಮೆ ಹಿಡಿಯಲೇಬೇಕು. ಆದರೆ ಆ ಕೈಗಳನ್ನು ಹೊಸ ಒಗಟಿಗೂ ಹಚ್ಚಬಹುದಲ್ಲವೆ? ಕುರ್ಚಿಯೊಂದಕ್ಕಾಗಿ ಪೊಂಟಿಯವರೊಡನೆ ವರ್ಷಗಟ್ಟಲೆ ಕಾದ ತಯಾರಕರು ಆಗ ಇದ್ದರು. ಅದೇ ಸಹನೆಯನ್ನು ಇಂದಿನ ಯಾವುದಾದರೂ ಕಿರಿಯನಿಗೆ ತೋರಿಸಿ, ಸಣ್ಣ ಮನೆ, ಬಾಡಿಗೆಯ ಮನೆ, ಪದೇ ಪದೇ ಬದಲಾಯಿಸುವ ಮನೆ ಇವುಗಳಿಗೆ ತಕ್ಕ, ಸಂಬಳದವನು ಕೊಳ್ಳಬಹುದಾದ ಕುರ್ಚಿಯೊಂದನ್ನು ಮಾಡೆಂದು ಕೇಳಿದ್ದರೆ ಅದು ಪೊಂಟಿಯವರಿಗೆ ಸಲ್ಲಿಸಿದ ಗೌರವವೂ ಆಗುತ್ತಿತ್ತು.

ಒಟ್ಟಿನಲ್ಲಿ ನಮ್ಮ ತೀರ್ಮಾನ ಇಷ್ಟು. ಸೂಪರ್ಲೆಜೇರಕ್ಕೆ ಉದ್ಧಾರ ಬೇಕಾಗಿಲ್ಲ. ಅದು ಎಂದೂ ಬಿದ್ದಿರಲಿಲ್ಲ. ಸೊರಿಯಾನ, ಕಮಲೆಯೋಂದಗಳ ಮರಳಿಕೆ ವಿವೇಕದ ಕೆಲಸ. ವಿಯಾ ದೆಝಾದ ವಸ್ತುಗಳಲ್ಲಿ ಕಪಾಟಿಗೆ ಸ್ವಾಗತ, ಕೈಕುರ್ಚಿಗೆ ನಮಸ್ಕಾರ. ಚಂಡೀಗಢದ ಕುರ್ಚಿಗಳ ವಿಷಯದಲ್ಲಿ ನಾವು ಮಾಡಬೇಕಾದ ಕೆಲಸ ಇಟಲಿಯಲ್ಲಿಲ್ಲ, ಇಲ್ಲಿಯೇ ಇದೆ: ನಮ್ಮ ಕಚೇರಿಗಳ, ಕಾಲೇಜುಗಳ ಉಗ್ರಾಣದಲ್ಲಿ ಕಾಲು ಮುರಿದು ಬಿದ್ದಿರುವ ಬೆತ್ತದ ಕುರ್ಚಿಯನ್ನು ಹರಾಜಿಗೆ ಹಾಕುವ ಮುನ್ನ ಅದನ್ನು ಒಮ್ಮೆ ತಿರುಗಿಸಿ, ಜೋಡಣೆಯನ್ನು ನೋಡಿ, ಬೆತ್ತ ಹೆಣೆಯುವವನನ್ನು ಕರೆಸುವುದು. ಮೂಲಪ್ರತಿ ಕೈಯಲ್ಲಿರುವಾಗ ಅದನ್ನು ರದ್ದಿಗೆ ಹಾಕಿ, ಆಮೇಲೆ ಹೊರದೇಶದ ಮುದ್ರಣಕ್ಕೆ ಬೆಲೆ ತೆರುವುದು ಜಾಣತನದ ಮಾತಲ್ಲ.